ಗುರುವಿನ ನಾಲ್ಕು ಚಂದ್ರರಲ್ಲಿ ನಿಮ್ಮ ಮೊದಲ ಭೂವೈಜ್ಞಾನಿಕ ನಕ್ಷೆಗೆ ಯಾವುದು?

ಗುರುಗ್ರಹದ ದೊಡ್ಡ ಚಂದ್ರರ ಚಿತ್ರಗಳನ್ನು ಈಗ ಯಾರು ಬೇಕಾದರೂ ಕಾಸು ಕೊಡದೆ ಇಳಿಸಿಕೊಳ್ಳಬಹುದು. ಸಾಧಾರಣ ಲ್ಯಾಪ್‌ಟಾಪ್, ಕ್ಯೂಜಿಐಎಸ್ ಅಥವಾ ಜೆಮಾರ್ಸ್ ಎಂಬ ನಕ್ಷೆ ಬರೆಯುವ ತಂತ್ರಾಂಶ, ಎರಡು ಮೂರು ತಿಂಗಳ ಬಿಡುವು ಇದ್ದರೆ ಪದವಿ ಮಟ್ಟದ ಪ್ರಾಜೆಕ್ಟಿಗೆ ಸಾಕಾಗುವ ಭೂವೈಜ್ಞಾನಿಕ ನಕ್ಷೆ, ಅಂದರೆ ನೆಲವನ್ನು ಬಗೆ ಮತ್ತು ವಯಸ್ಸಿನ ಪ್ರಕಾರ ಬಿಡಿಸಿ ತೋರಿಸುವ ನಕ್ಷೆ, ಬರೆಯಬಹುದು. ಎಡವುವುದು ಚಂದ್ರನನ್ನು ಆರಿಸುವಾಗಲೇ. ಹಿಮದಡಿಯ ಕಡಲು, ಜೀವಿಗಳ ಸಾಧ್ಯತೆ ಎಂದೆಲ್ಲ ಓದಿದವರು ಸೀದಾ ಯುರೋಪಾಕ್ಕೆ ಕೈಹಾಕುತ್ತಾರೆ. ಮೊದಲ ನಕ್ಷೆಗೆ ಅದು ಸರಿಯಾದ ಜಾಗವಲ್ಲ. ಗ್ಯಾನಿಮೀಡ್ ಹಿಡಿಯಿರಿ. ಅಯೋ, ಯುರೋಪಾ, ಕ್ಯಾಲಿಸ್ಟೊಗಳನ್ನು ಆರಿಸಲೂ ಒಳ್ಳೆಯ ಕಾರಣಗಳಿವೆ. ಆದರೆ ಅವು ಬೇರೆ ಬೇರೆ ಪ್ರಶ್ನೆಗಳಿಗೆ.

ಮೊದಲು ಅಳತೆಗಳು:

ಅಯೋ: ವ್ಯಾಸ 3,643 ಕಿ.ಮೀ., ಸಾಂದ್ರತೆ ಘನ ಸೆಂ.ಮೀ.ಗೆ 3.53 ಗ್ರಾಂ, ಗುರುವನ್ನು ಸುತ್ತಲು 1.77 ದಿನ.
ಯುರೋಪಾ: 3,122 ಕಿ.ಮೀ., 3.01 ಗ್ರಾಂ, 3.55 ದಿನ.
ಗ್ಯಾನಿಮೀಡ್: 5,268 ಕಿ.ಮೀ., 1.94 ಗ್ರಾಂ, 7.15 ದಿನ.
ಕ್ಯಾಲಿಸ್ಟೊ: 4,821 ಕಿ.ಮೀ., 1.83 ಗ್ರಾಂ, 16.69 ದಿನ.

ಸಾಂದ್ರತೆ ಮೇಲಿಂದ ಕೆಳಕ್ಕೆ ಇಳಿಯುತ್ತ ಹೋಗುವುದನ್ನು ನೋಡಿ. ಅಯೋ ಬರೀ ಕಲ್ಲು ಮತ್ತು ಕಬ್ಬಿಣ. ಯುರೋಪಾ ಎಂದರೆ ಕಲ್ಲಿನ ಮೇಲೆ ನೂರು ಕಿ.ಮೀ. ಆಸುಪಾಸಿನ ನೀರು ಮತ್ತು ಮಂಜುಗಡ್ಡೆಯ ಹೊದಿಕೆ. ಕೊನೆಯ ಎರಡರಲ್ಲಿ ಹೆಚ್ಚೂಕಡಿಮೆ ಅರ್ಧ ಕಲ್ಲು, ಅರ್ಧ ಮಂಜುಗಡ್ಡೆ. ಸುತ್ತುವ ದಿನಗಳಲ್ಲೂ ಒಂದು ಲೆಕ್ಕಾಚಾರವಿದೆ: ಗ್ಯಾನಿಮೀಡ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಯುರೋಪಾ ಎರಡು, ಅಯೋ ನಾಲ್ಕು ಸುತ್ತು ಹಾಕಿರುತ್ತವೆ. ಈ ತಾಳ ತಪ್ಪದೇ ಇರುವುದರಿಂದ ಅವುಗಳ ಕಕ್ಷೆ ಪೂರ್ತಿ ದುಂಡಗಾಗಲು ಆಸ್ಪದವೇ ಇಲ್ಲ. ಗುರುವಿಗೆ ಒಮ್ಮೆ ಹತ್ತಿರ, ಒಮ್ಮೆ ದೂರ ಹೋಗುತ್ತ ಚಂದ್ರನ ಒಡಲು ಹಿಗ್ಗಿ ಕುಗ್ಗಿ, ಒಳಗೆ ತಿಕ್ಕಾಟವಾಗಿ ಬಿಸಿ ಹುಟ್ಟುತ್ತದೆ. ಕ್ಯಾಲಿಸ್ಟೊ ಈ ಮೇಳದ ಹೊರಗಿದೆ.

ಈ ಬಿಸಿಯ ಲೆಕ್ಕವನ್ನು ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಎಂಬ ಮೂವರು ವಿಜ್ಞಾನಿಗಳು 1979ರ ಮಾರ್ಚ್ 2ರಂದು ಪ್ರಕಟಿಸಿ, ಅಯೋ ಒಳಗೆ ಕರಗಿರಬೇಕು ಎಂದಿದ್ದರು. ಮಾರ್ಚ್ 5ಕ್ಕೆ ವಾಯೇಜರ್ 1 ನೌಕೆ ಅಲ್ಲಿ ಹಾದುಹೋಯಿತು. 8ರಂದು ತೆಗೆದ ಚಿತ್ರದಲ್ಲಿ ನೌಕೆಯ ತಂಡದ ಎಂಜಿನಿಯರ್ ಲಿಂಡಾ ಮೊರಾಬಿಟೊ ಜ್ವಾಲಾಮುಖಿಯ ಚಿಲುಮೆಯನ್ನು ಗುರುತಿಸಿದರು. ಲೆಕ್ಕ ಪ್ರಕಟವಾದ ವಾರದೊಳಗೆ ಸಾಕ್ಷಿ ಸಿಕ್ಕ ಇಂಥ ಉದಾಹರಣೆ ಗ್ರಹವಿಜ್ಞಾನದಲ್ಲಿ ಅಪರೂಪ.

ನಕ್ಷೆ ಬರೆಯುವವರಿಗೆ ಈ ಬಿಸಿಯಿಂದ ನೇರ ಪರಿಣಾಮವಿದೆ. ನೆಲದ ವಯಸ್ಸು ಅಳೆಯಲು ನಮ್ಮ ಕೈಯಲ್ಲಿರುವ ಗಡಿಯಾರವೆಂದರೆ ಉಲ್ಕಾಕುಳಿ. ನೆಲ ಹಳೆಯದಾದಷ್ಟೂ ಕುಳಿ ಹೆಚ್ಚು. ಅಯೋದಲ್ಲಿ ಇದುವರೆಗೆ ಒಂದೇ ಒಂದು ಉಲ್ಕಾಕುಳಿಯೂ ಕಂಡಿಲ್ಲ. ಯುರೋಪಾದಲ್ಲಿ ದೊಡ್ಡ ಕುಳಿಗಳು ತೀರಾ ವಿರಳ. ಕ್ಯಾಲಿಸ್ಟೊದಲ್ಲಿ ಕುಳಿಯ ಮೇಲೆ ಕುಳಿ ಬಿದ್ದು ಕಾಲಿಡಲು ಜಾಗವಿಲ್ಲ. ಗಡಿಯಾರ ನೆಟ್ಟಗೆ ನಡೆಯುವುದು ಗ್ಯಾನಿಮೀಡ್‌ನಲ್ಲಿ ಮಾತ್ರ.

ಗ್ಯಾನಿಮೀಡ್: ಇಲ್ಲಿಂದ ಶುರು

ಬುಧಗ್ರಹಕ್ಕಿಂತ ದೊಡ್ಡ ಈ ಚಂದ್ರನ ಮೈಯಲ್ಲಿ ಎರಡು ಬಗೆಯ ನೆಲವಿದೆ. ಸುಮಾರು ಮೂರನೇ ಒಂದು ಪಾಲು ಕಡುಬಣ್ಣದ ಹಳೆಯ ನೆಲ. ಉಳಿದದ್ದು ಅದನ್ನು ಸೀಳಿಕೊಂಡು ಬಂದ, ನೇಗಿಲು ಹೊಡೆದಂತೆ ಸಾಲುಸಾಲು ತೋಡಿರುವ ತಿಳಿಬಣ್ಣದ ನೆಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಹೊಸಬರ ಕಣ್ಣೂ ಗುರುತಿಸಬಲ್ಲದು. ಕುಳಿಗಳ ಎಣಿಕೆಯೂ ಅದನ್ನೇ ಹೇಳುತ್ತದೆ. ನಿಮ್ಮ ಕೆಲಸವನ್ನು ಹೋಲಿಸಿ ತಿದ್ದಿಕೊಳ್ಳಲು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ 2013ರಲ್ಲಿ ಹೊರತಂದ 1:1,50,00,000 ಪ್ರಮಾಣದ ಜಾಗತಿಕ ನಕ್ಷೆ ಇದೆ. ಕಲಿಯುವವರಿಗೆ ಇಂಥ ಅನುಕೂಲ ಇನ್ನೆಲ್ಲಿ ಸಿಗಬೇಕು?

ಜಾಗ: ಗೆಲಿಲಿಯೊ ರೀಜಿಯೊ ಮತ್ತು ಮೇರಿಯಸ್ ರೀಜಿಯೊ ಎಂಬ ಎರಡು ಕಡುಬಣ್ಣದ ಪ್ರದೇಶಗಳ ನಡುವೆ ಉರುಕ್ ಸಲ್ಕಸ್ ಎಂಬ ತಿಳಿಬಣ್ಣದ ಪಟ್ಟಿ ಹಾದುಹೋಗುತ್ತದೆ. ಅದರ ಗಡಿಯಲ್ಲಿ 500 ಕಿ.ಮೀ. ಉದ್ದ, 500 ಕಿ.ಮೀ. ಅಗಲದ ಚೌಕ ಆರಿಸಿ. ಎರಡೂ ನೆಲ ಒಂದೇ ಚೌಕದೊಳಗೆ ಬರಬೇಕು. ಅಕ್ಷಾಂಶ 40 ಡಿಗ್ರಿ ದಾಟಬೇಡಿ. ಅದರಾಚೆ ಧ್ರುವದ ಹಿಮದ ಪುಡಿ ಹಳೆಯ ನೆಲ, ಹೊಸ ನೆಲ ಎನ್ನದೆ ಎಲ್ಲಕ್ಕೂ ಸುಣ್ಣ ಬಳಿದಂತೆ ಮುಚ್ಚಿ, ಗಡಿ ಮಸುಕಾಗುತ್ತದೆ.

ಚಿತ್ರ: ವಾಯೇಜರ್ ಮತ್ತು ಗೆಲಿಲಿಯೊ ನೌಕೆಗಳ ಚಿತ್ರ ಸೇರಿಸಿ ಹೊಲಿದ, ಪಿಕ್ಸೆಲ್‌ಗೆ 1 ಕಿ.ಮೀ.ಯ ಜಾಗತಿಕ ಮೊಸಾಯಿಕ್ ಆಧಾರಕ್ಕೆ ಸಾಕು. ಉರುಕ್ ಸಲ್ಕಸ್‌ನ ಒಂದು ತುಂಡನ್ನು ಗೆಲಿಲಿಯೊ 1996ರ ಜೂನ್‌ನಲ್ಲಿ ಪಿಕ್ಸೆಲ್‌ಗೆ ಸುಮಾರು 75 ಮೀಟರ್‌ನಲ್ಲಿ ತೆಗೆದಿದೆ. ಅದನ್ನು ಭೂತಗನ್ನಡಿಯ ಹಾಗೆ ಪಕ್ಕದಲ್ಲಿಟ್ಟುಕೊಳ್ಳಿ. ತೋಡುಗಳ ನಡುವಿನ ಅಂತರ ಸಾಮಾನ್ಯವಾಗಿ 8 ಕಿ.ಮೀ. ಆಸುಪಾಸು. ಅಂದರೆ ಮೊಸಾಯಿಕ್‌ನಲ್ಲಿ ಎಂಟು ಪಿಕ್ಸೆಲ್. ಎಣಿಸಲು ಸಾಕು, ಆಕಾರ ತಿಳಿಯಲು ಸಾಲದು. 75 ಮೀಟರ್ ಚಿತ್ರದಲ್ಲಿ ಆ ಒಂದೊಂದು ತೋಡಿನೊಳಗೂ ಸಣ್ಣ ಏಣುಗಳು, ಅಂದರೆ ಉದ್ದುದ್ದ ದಿಬ್ಬಗಳು, ಕಾಣುತ್ತವೆ. ನೆಲ ಎಳೆದಾಗ ಪದರಗಳು ತುಂಡಾಗಿ, ಕಪಾಟಿನಲ್ಲಿ ಒಂದರ ಮೇಲೊಂದು ಓರೆಯಾಗಿ ಒರಗಿದ ಪುಸ್ತಕಗಳಂತೆ ವಾಲಿದ ಗುರುತು ಅದು.

ತಂತ್ರಾಂಶದಲ್ಲಿ ಮೊದಲ ಬಲೆ ಇಲ್ಲೇ ಇದೆ. ಕ್ಯೂಜಿಐಎಸ್‌ನ ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ಗೋಳದ ತ್ರಿಜ್ಯವನ್ನು 2,631 ಕಿ.ಮೀ. ಎಂದು ಬದಲಿಸದಿದ್ದರೆ ಅದು ಭೂಮಿಯ ತ್ರಿಜ್ಯ ಹಿಡಿದೇ ಲೆಕ್ಕ ಹಾಕುತ್ತದೆ. ಉದ್ದ 2.4 ಪಟ್ಟು, ವಿಸ್ತೀರ್ಣ ಸುಮಾರು ಆರು ಪಟ್ಟು ಹೆಚ್ಚಾಗಿ ಬರುತ್ತದೆ. ಕುಳಿಯ ದಟ್ಟಣೆ ಆರನೇ ಒಂದು ಭಾಗಕ್ಕಿಳಿದು, ನೆಲ ಇಲ್ಲದ ಹರೆಯ ತೋರಿಸುತ್ತದೆ. ತಪ್ಪಿನ ಸುಳಿವು ಎಲ್ಲೂ ಮಿನುಗುವುದಿಲ್ಲ. ಪರೀಕ್ಷೆ ಸುಲಭ: ಸಮಭಾಜಕದ ಮೇಲೆ ಒಂದು ಡಿಗ್ರಿ ಅಳೆದು ನೋಡಿ. ಗ್ಯಾನಿಮೀಡ್‌ನಲ್ಲಿ 45.9 ಕಿ.ಮೀ. ಬರಬೇಕು, 111 ಬಂದರೆ ನೀವಿನ್ನೂ ಭೂಮಿಯಲ್ಲೇ ಇದ್ದೀರಿ.

ಕೆಲಸದ ಕ್ರಮ ಹೀಗೆ. ಮೊದಲು ಬಣ್ಣದ ಗಡಿ ಎಳೆಯಿರಿ, ಸೂರ್ಯ ನೆತ್ತಿಯ ಕಡೆ ಇರುವ ಚಿತ್ರದಲ್ಲಿ. ಬೆಳಗು-ಇರುಳಿನ ಗೆರೆಯ ಹತ್ತಿರದ ಚಿತ್ರಗಳಲ್ಲಿ ನೆರಳು ಉದ್ದವಾಗಿ ಏರುತಗ್ಗು ಚೆನ್ನಾಗಿ ಕಾಣುತ್ತದೆ, ಬಣ್ಣದ ಭೇದ ಮಾತ್ರ ಕರಗಿಹೋಗುತ್ತದೆ. ಆದ್ದರಿಂದ ಗಡಿಗೆ ಒಂದು ಚಿತ್ರ, ತೋಡು ಮತ್ತು ಕುಳಿಗೆ ಇನ್ನೊಂದು. ಎರಡನೆಯದಾಗಿ ತಿಳಿನೆಲದೊಳಗೆ ತೋಡುಗಳ ದಿಕ್ಕು ಬದಲಾಗುವ ಕಡೆಯೆಲ್ಲ ಬೇರೆ ಬೇರೆ ತುಂಡು ಮಾಡಿ. ಒಂದು ತುಂಡಿನ ಸಾಲುಗಳು ಇನ್ನೊಂದರ ಅಂಚಿಗೆ ಬಂದು ಥಟ್ಟನೆ ನಿಂತುಹೋದರೆ, ಅವನ್ನು ಕಡಿದ ತುಂಡು ಕಿರಿಯದು. ಕೊನೆಗೆ ಕುಳಿ.

ಎಷ್ಟು ಸಣ್ಣ ಕುಳಿಯವರೆಗೆ ಎಣಿಸಬೇಕು? ಅಡ್ಡಳತೆ ಹತ್ತು ಪಿಕ್ಸೆಲ್ ಇಲ್ಲದ್ದನ್ನು ಬಿಡಿ. 1 ಕಿ.ಮೀ. ಪಿಕ್ಸೆಲ್ ಎಂದರೆ 10 ಕಿ.ಮೀ. ಕುಳಿಯಿಂದ ಮೇಲಕ್ಕೆ. ಅದಕ್ಕಿಂತ ಕೆಳಗೆ ಎಣಿಸಿದರೆ ಸಣ್ಣ ಕುಳಿಗಳು ಕಡಿಮೆ ಇವೆ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಕಡಿಮೆ ಇದ್ದದ್ದು ಕ್ಯಾಮೆರಾದ ಕಣ್ಣು. 2.5 ಲಕ್ಷ ಚದರ ಕಿ.ಮೀ. ಚೌಕದಲ್ಲಿ 40 ಕುಳಿ ಸಿಕ್ಕವು ಅನ್ನಿ. ಹತ್ತು ಲಕ್ಷಕ್ಕೆ 160 ಆಯಿತು. ಅನಿಶ್ಚಿತತೆ 40ರ ವರ್ಗಮೂಲ, ಅಂದರೆ 6.3, ಹತ್ತು ಲಕ್ಷಕ್ಕೆ ಹಿಗ್ಗಿಸಿದರೆ 25. ಆದ್ದರಿಂದ 160 ± 25 ಎಂದು ಬರೆಯಬೇಕು. ಪಕ್ಕದ ತುಂಡಿನಲ್ಲಿ 180 ಬಂದರೆ ಅದು ಹಳೆಯದು ಎಂದು ಘೋಷಿಸುವಂತಿಲ್ಲ.

ಮಾಸಲು ಕುಳಿಗಳ ವಿಷಯದಲ್ಲಿ ಎಣಿಕೆಗೆ ಕೂರುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. ಪಾಲಿಂಪ್ಸೆಸ್ಟ್ ಎನ್ನುತ್ತಾರೆ ಇವುಗಳಿಗೆ: ಕಟ್ಟೆಯಿಲ್ಲ, ಗುಂಡಿಯಿಲ್ಲ, ಬರೀ ದುಂಡನೆಯ ಬಿಳಿ ಮಚ್ಚೆ, ಗೋಡೆಯಲ್ಲಿ ಒಣಗಿದ ನೀರಿನ ಕಲೆಯಂತೆ. ಮೆಂಫಿಸ್ ಫ್ಯಾಕ್ಯುಲಾ ಇಂಥದ್ದೇ, 300 ಕಿ.ಮೀ.ಗೂ ಹೆಚ್ಚು ಅಗಲ. ಹಿಂದೆ ಮಂಜುಗಡ್ಡೆ ಬೆಚ್ಚಗಿದ್ದು ಮೆತ್ತಗಿದ್ದ ಕಾಲದ ಪೆಟ್ಟುಗಳಿವು. ಸೇರಿಸಿ ಅಥವಾ ಬಿಡಿ, ಆದರೆ ಎರಡೂ ನೆಲಕ್ಕೂ ಒಂದೇ ನಿಯಮ ಇರಲಿ. ಇನ್ನು ಸುಮಾರು 35 ಕಿ.ಮೀ. ದಾಟಿದ ಕುಳಿಯ ನಡುವೆ ಶಿಖರದ ಬದಲು ಗುಂಡಿ, 60 ದಾಟಿದರೆ ಗುಂಡಿಯಲ್ಲೊಂದು ಗುಮ್ಮಟ ಕಾಣುತ್ತದೆ. ಆ ನಡುಗುಂಡಿಯನ್ನು ಬೇರೆ ಕುಳಿ ಎಂದು ಎರಡನೇ ಸಲ ಎಣಿಸಬೇಡಿ.

ಸಾಪೇಕ್ಷ ವಯಸ್ಸಿಗೆ, ಅಂದರೆ ಯಾವುದಕ್ಕಿಂತ ಯಾವುದು ಹಳೆಯದು ಎಂಬುದಕ್ಕೆ, ನಿಲ್ಲಿಸಿ. ವರ್ಷಗಳಲ್ಲಿ ಹೇಳುವ ಆಸೆ ಬೇಡ. ಕುಳಿ ಮಾಡಿದ್ದು ಧೂಮಕೇತುಗಳು ಎಂದುಕೊಂಡರೆ ತಿಳಿನೆಲಕ್ಕೆ ಸುಮಾರು 200 ಕೋಟಿ ವರ್ಷ. ನಮ್ಮ ಚಂದ್ರನ ಲೆಕ್ಕದ ಮಾದರಿ ಹಿಡಿದರೆ 350 ಕೋಟಿಗೂ ಮೇಲೆ. ಎಣಿಕೆ ಅದೇ, ಉತ್ತರ ಎರಡು.

ಯುರೋಪಾ: ಗೆರೆ ಓದಲು ಬಂದವರಿಗೆ

ಯುರೋಪಾದ ನೆಲಕ್ಕೆ ಬರೀ 4ರಿಂದ 9 ಕೋಟಿ ವರ್ಷ ಎಂಬುದು ಚಾಲ್ತಿಯಲ್ಲಿರುವ ಅಂದಾಜು. ಹೀಗೆ ಎಳೆಯ ನೆಲವಾದ್ದರಿಂದ 10 ಕಿ.ಮೀ. ಮೀರಿದ ಕುಳಿಗಳು ಇಡೀ ಚಂದ್ರನ ಮೇಲೆ ಕೆಲವು ಡಜನ್ ದಾಟುವುದಿಲ್ಲ. ನಿಮ್ಮ ಚೌಕದಲ್ಲಿ ಒಂದೂ ಇಲ್ಲದಿರಬಹುದು. ಸಣ್ಣ ಕುಳಿಗಳನ್ನಾದರೂ ಎಣಿಸೋಣವೆಂದರೆ ಅದು ಇನ್ನೂ ಕೆಟ್ಟ ದಾರಿ: 1 ಕಿ.ಮೀ.ಗಿಂತ ಸಣ್ಣವುಗಳಲ್ಲಿ ಸುಮಾರು ನೂರಕ್ಕೆ 95 ಮರಿಕುಳಿಗಳು, ಅಂದರೆ ದೊಡ್ಡ ಕುಳಿ ಬಿದ್ದಾಗ ಚಿಮ್ಮಿದ ಗಡ್ಡೆಗಳು ಮತ್ತೆ ಬಿದ್ದು ಆದವು ಎಂದು 2005ರಲ್ಲಿ ಬೀರ್‌ಹೌಸ್ ಮತ್ತು ಸಂಗಡಿಗರು ತೋರಿಸಿದರು. ಪ್ವಿಲ್ ಎಂಬ 25 ಕಿ.ಮೀ. ಕುಳಿಯೊಂದೇ ಬಹುದೂರದವರೆಗೆ ಮರಿ ಹಾಕಿದೆ. ಗಡಿಯಾರ ಕೆಟ್ಟಿದೆ ಅನ್ನುವುದಕ್ಕಿಂತ, ಇಲ್ಲಿ ಒಂದೇ ಪೆಟ್ಟಿಗೆ ಸಾವಿರ ಗಂಟೆ ಬಾರಿಸುತ್ತದೆ.

ಎರಡನೇ ತೊಡಕು ಚಿತ್ರಗಳದ್ದು. ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾ ಬಿಚ್ಚಿಕೊಳ್ಳಲೇ ಇಲ್ಲ; ಸಣ್ಣ ಆಂಟೆನಾದಿಂದ ದತ್ತಾಂಶ ತೊಟ್ಟಿಕ್ಕಿಸಿ ಕಳಿಸಬೇಕಾಯಿತು. ಹಾಗಾಗಿ ಯುರೋಪಾದ ಒಂದು ಚೂರು ಪಿಕ್ಸೆಲ್‌ಗೆ 6 ಮೀಟರ್‌ನಷ್ಟು ಸ್ಪಷ್ಟ, ಬಹುಪಾಲು ನೆಲ ಪಿಕ್ಸೆಲ್‌ಗೆ ಕಿ.ಮೀ. ಲೆಕ್ಕದಲ್ಲಿ ಮಸುಕು. ಜಾಗತಿಕ ಮೊಸಾಯಿಕ್‌ನ ಮೇಲೆ 500 ಮೀಟರ್ ಎಂದು ಬರೆದಿರುತ್ತದೆ, ಆದರೆ ಹಲವೆಡೆ ಮೂಲ ಚಿತ್ರ ಅಷ್ಟಿಲ್ಲ; ಹಿಗ್ಗಿಸಿ ತುಂಬಿದ್ದಾರೆ. ಒಂದು ನೇರ ಗೆರೆಯ ಆಚೆ ಏಣುಗಳ ಜಾತ್ರೆ, ಈಚೆ ನುಣುಪು ಬಯಲು ಕಂಡರೆ ಅದು ಎರಡು ಚಿತ್ರಗಳ ಹೊಲಿಗೆ. 8×8 ಪಿಕ್ಸೆಲ್‌ನ ಚೌಕಟ್ಟು ಚೌಕಟ್ಟಾಗಿ ನೆಲ ಕಂಡರೆ, ಚಿತ್ರವನ್ನು ಕುಗ್ಗಿಸಿ ಕಳಿಸಿದ ಗುರುತು. ನಕ್ಷೆಯಲ್ಲಿ ಇವೆರಡಕ್ಕೂ ಜಾಗವಿಲ್ಲ.

ಇಷ್ಟೆಲ್ಲ ಇದ್ದೂ ಯುರೋಪಾ ಒಂದು ಕೆಲಸಕ್ಕೆ ನಾಲ್ಕರಲ್ಲಿ ಅತ್ಯುತ್ತಮ: ಗೆರೆಗಳಂತೆ ಕಾಣುವ ಬಿರುಕು, ಏಣುಗಳಲ್ಲಿ ಯಾವುದರ ನಂತರ ಯಾವುದು ಎಂಬ ಸರದಿ ಬಿಡಿಸುವುದಕ್ಕೆ. ಒಂದು ಸ್ಪಷ್ಟ ಚಿತ್ರದಲ್ಲಿ ಹದಿನೈದು ಇಪ್ಪತ್ತು ಗೆರೆ ಆರಿಸಿ ಸಂಖ್ಯೆ ಕೊಡಿ. ಎರಡು ಗೆರೆ ಕೂಡುವ ಕಡೆ ಯಾವುದು ಅಖಂಡವಾಗಿ ದಾಟುತ್ತದೋ ಅದು ಕಿರಿಯದು. ಕೋಷ್ಟಕದಲ್ಲಿ ಗುರುತು ಹಾಕಿ. ಎಲ್ಲ ತುಂಬಿದ ಮೇಲೆ 3ರ ಮೇಲೆ 7, 7ರ ಮೇಲೆ 12, 12ರ ಮೇಲೆ ಮತ್ತೆ 3 ಎಂದು ಸುತ್ತು ಬಂದರೆ ಎರಡರಲ್ಲಿ ಒಂದು: ನೀವು ಒಂದು ಕೂಡಲನ್ನು ತಪ್ಪು ಓದಿದ್ದೀರಿ, ಇಲ್ಲವೇ ಹಳೆಯ ಬಿರುಕು ಮತ್ತೆ ಬಾಯಿಬಿಟ್ಟಿದೆ. ಮೊದಲನೆಯದನ್ನು ಪೂರ್ತಿ ಅಳಿಸಿಹಾಕದೆ ಎರಡನೆಯದನ್ನು ಬರೆಯಬೇಡಿ.

ಬಣ್ಣದ ಪಟ್ಟಿಗಳಿಗೆ ಕತ್ತರಿ ಸಾಕು. ಚಿತ್ರ ಮುದ್ರಿಸಿ, ಪಟ್ಟಿಯ ಎರಡು ಅಂಚಿಗೂ ಕತ್ತರಿಸಿ ಪಟ್ಟಿಯನ್ನು ಎತ್ತಿಬಿಡಿ, ಉಳಿದ ಎರಡು ಭಾಗ ಹತ್ತಿರ ತನ್ನಿ. ಆಚೆ ಈಚೆಯ ಹಳೆಯ ಏಣುಗಳು ಹರಿದ ನೋಟಿನ ಎರಡು ತುಂಡಿನಂತೆ ಕೂಡಿಕೊಂಡರೆ, ಆ ಪಟ್ಟಿ ನೆಲ ಸೀಳಿ ಕೆಳಗಿಂದ ಹೊಸ ಮಂಜು ಬಂದು ತುಂಬಿದ ಜಾಗ. ಹೀಗೆ ಹಿಂದಕ್ಕೆ ಜೋಡಿಸುತ್ತ ಹೋದ ಕ್ಯಾಟನ್‌ಹಾರ್ನ್ ಮತ್ತು ಪ್ರಾಕ್ಟರ್ 2014ರಲ್ಲಿ, ಒಂದೆಡೆ ನೆಲವೇ ಕಾಣೆಯಾಗಿದೆ, ಒಂದು ಹಾಳೆ ಇನ್ನೊಂದರ ಕೆಳಗೆ ಜಾರಿರಬಹುದು ಎಂಬ ವಾದ ಮುಂದಿಟ್ಟರು.

ಅಕ್ಕಪಕ್ಕ ಸಾಗುವ ಜೋಡಿ ಏಣಿನ ಎತ್ತರವನ್ನು ನೆರಳಿನಿಂದ ಅಳೆಯಬಹುದು: ನೆರಳಿನ ಉದ್ದ ಗುಣಿಸು ಸೂರ್ಯನ ಎತ್ತರದ ಕೋನದ ಟ್ಯಾಂಜೆಂಟ್. ಸೂರ್ಯ ದಿಗಂತದಿಂದ 10 ಡಿಗ್ರಿ ಮೇಲಿದ್ದು ನೆರಳು 1.1 ಕಿ.ಮೀ. ಬಂದರೆ ಏಣು ಸುಮಾರು 200 ಮೀಟರ್. ಪಿಕ್ಸೆಲ್ 200 ಮೀಟರ್‌ನದ್ದಾದರೆ ಆ ನೆರಳು ಐದಾರು ಪಿಕ್ಸೆಲ್ ಮಾತ್ರ, ಒಂದು ಪಿಕ್ಸೆಲ್ ಆಚೀಚೆಯಾದರೆ 35 ಮೀಟರ್ ವ್ಯತ್ಯಾಸ. ಏಣಿನ ಇಳಿಜಾರು 10 ಡಿಗ್ರಿಗಿಂತ ಸೌಮ್ಯವಾಗಿದ್ದರೆ ನೆರಳೇ ಬೀಳುವುದಿಲ್ಲ. ಕಾಣುವ ಕಪ್ಪು ಬರೀ ಮಬ್ಬು ಮಗ್ಗುಲು. ಅದನ್ನು ಅಳೆದು ಬೆಟ್ಟ ಕಟ್ಟಬೇಡಿ.

ಇನ್ನೊಂದು ಮಾತು. ನಾಸಾದ ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್ 14ರಂದು ಹೊರಟಿದೆ, 2030ರ ಏಪ್ರಿಲ್‌ಗೆ ಗುರುವನ್ನು ತಲುಪಬೇಕು. 49 ಸಲ ಹಾದುಹೋಗಿ ನೂರಕ್ಕೆ ತೊಂಬತ್ತರಷ್ಟು ನೆಲವನ್ನು 100 ಮೀಟರ್ ಅಥವಾ ಅದಕ್ಕಿಂತ ಸ್ಪಷ್ಟವಾಗಿ ತೆಗೆಯುವ ಯೋಜನೆ. ಇಂದು ನೀವು ಮಸುಕು ಚಿತ್ರದ ಮೇಲೆ ಬರೆದ ಗಡಿಗಳಿಗೆ ಆಯಸ್ಸು ಕಡಿಮೆ.

ಅಯೋ: ವಯಸ್ಸು ಬೇಡ, ಬದಲಾವಣೆ ಬೇಕು ಅನ್ನುವವರಿಗೆ

ಇಲ್ಲಿ ಚದರ ಮೀಟರ್‌ಗೆ ಸುಮಾರು 2.5 ವಾಟ್ ಬಿಸಿ ಹೊರಬರುತ್ತದೆ, ಭೂಮಿಯಲ್ಲಿ 0.1 ಕೂಡ ಇಲ್ಲ. 400ಕ್ಕೂ ಹೆಚ್ಚು ಸಕ್ರಿಯ ಜ್ವಾಲಾಮುಖಿಗಳು. ಸೂರ್ಯ, ಅಗ್ನಿ, ಸಿಡಿಲಿನ ದೇವತೆಗಳ ಹೆಸರನ್ನೇ ಇಡುವ ಪದ್ಧತಿ ಇರುವುದರಿಂದ ನಕ್ಷೆಯಲ್ಲಿ ಸೂರ್ಯ ಪಟೆರಾ, ಸವಿತೃ ಪಟೆರಾ ಎಂಬ ಹೆಸರುಗಳೂ ಸಿಗುತ್ತವೆ. ಪಟೆರಾ ಎಂದರೆ ಚಪ್ಪಟೆ ತಳದ, ಕಡಿದಾದ ಅಂಚಿನ ಜ್ವಾಲಾಮುಖಿ ಬೋಗುಣಿ. ಉಲ್ಕಾಕುಳಿಯ ಹಾಗೆ ಎದ್ದ ಕಟ್ಟೆ ಇರುವುದಿಲ್ಲ. ಅತಿ ದೊಡ್ಡದು ಲೋಕಿ, 200 ಕಿ.ಮೀ. ಅಗಲ.

ಒಳ್ಳೆಯ ಪ್ರಾಜೆಕ್ಟ್ ಎಂದರೆ ಒಂದೇ ಜಾಗದ ಚಿತ್ರಗಳನ್ನು ಸಾಲಾಗಿ ಇಡುವುದು: 1979ರ ವಾಯೇಜರ್, 1996ರಿಂದ 2001ರ ಗೆಲಿಲಿಯೊ, 2007ರ ನ್ಯೂ ಹೊರೈಜನ್ಸ್, 2023ರ ಡಿಸೆಂಬರ್ 30 ಮತ್ತು 2024ರ ಫೆಬ್ರುವರಿ 3ರಂದು ಸುಮಾರು 1,500 ಕಿ.ಮೀ. ಹತ್ತಿರ ಹೋದ ಜೂನೊ. ಪೀಲೆ ಎಂಬ ಜ್ವಾಲಾಮುಖಿಯ ಸುತ್ತಲಿನ ಕೆಂಪು ಉಂಗುರದಿಂದ ಶುರುಮಾಡಿ. 1997ರ ಏಪ್ರಿಲ್ ಮತ್ತು ಸೆಪ್ಟೆಂಬರ್ ನಡುವೆ ಪಕ್ಕದ ಪಿಲ್ಲಾನ್ ಜ್ವಾಲಾಮುಖಿ ಸಿಡಿದು, ಆ ಉಂಗುರದ ಮೇಲೆ 400 ಕಿ.ಮೀ. ಅಗಲದ ಕರಿ ಮಚ್ಚೆ ಬಿತ್ತು. ಮುಂದಿನ ಚಿತ್ರಗಳಲ್ಲಿ ಪೀಲೆಯ ಕೆಂಪು ಮೆಲ್ಲಗೆ ಅದರ ಮೇಲೆ ಹರಡುತ್ತದೆ. ಪ್ರೊಮೀಥಿಯಸ್ ಎಂಬ ಇನ್ನೊಂದು ಜ್ವಾಲಾಮುಖಿಯ ಚಿಲುಮೆ 1979ರಿಂದ 1996ರೊಳಗೆ 75 ಕಿ.ಮೀ.ಗೂ ಹೆಚ್ಚು ಪಶ್ಚಿಮಕ್ಕೆ ಸರಿದಿದೆ: ಲಾವಾ ಹರಿದು ಮುಂದೆ ಹೋದಂತೆ ಅದರ ತುದಿಯಲ್ಲಿ ಗಂಧಕದ ಡೈಆಕ್ಸೈಡ್ ಹಿಮ ಆವಿಯಾಗಿ ಚಿಮ್ಮುವ ಜಾಗವೂ ಸರಿಯುತ್ತದೆ.

ಬಣ್ಣ ಓದುವ ಸೂತ್ರ ಒರಟಾಗಿ ಹೀಗಿದೆ: ಬಿಳಿ ಎಂದರೆ ಗಂಧಕದ ಡೈಆಕ್ಸೈಡಿನ ಹಿಮ, ಹಳದಿ ಗಂಧಕ, ಕೆಂಪು ಈಚೆಗೆ ಉಗುಳಿದ, ಇನ್ನೂ ಮಾಗದ ಗಂಧಕ, ಕಪ್ಪು ಹೊಸ ಸಿಲಿಕೇಟ್ ಲಾವಾ. ಈ ಕಪ್ಪು ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಬಸಾಲ್ಟಿನ ಜಾತಿಯದು, ಅಥವಾ ಅದಕ್ಕಿಂತ ಬಿಸಿಯಾಗಿ ಹರಿದದ್ದು. ಆದರೆ ವಾಯೇಜರ್‌ನ ಕ್ಯಾಮೆರಾಕ್ಕೆ ಕೆಂಪಿನ ತುದಿ ಕಾಣುತ್ತಲೇ ಇರಲಿಲ್ಲ, ಗೆಲಿಲಿಯೊ ಅವಕೆಂಪಿನವರೆಗೂ ನೋಡುತ್ತಿತ್ತು. ಎರಡರ ಬಣ್ಣದ ಚಿತ್ರ ಅಕ್ಕಪಕ್ಕ ಇಟ್ಟು “ನೆಲ ಕೆಂಪಾಗಿದೆ” ಅಂದರೆ ಕೆಂಪಾದದ್ದು ಫಿಲ್ಟರ್. ಕಪ್ಪುಬಿಳುಪಿನಲ್ಲಿ, ಮಚ್ಚೆಯ ಆಕಾರ ಮತ್ತು ಅಂಚನ್ನು ಮಾತ್ರ ಹೋಲಿಸಿ.

ಬೆಟ್ಟಗಳನ್ನು ಜ್ವಾಲಾಮುಖಿ ಎಂದು ಗುರುತಿಸುವ ತಪ್ಪೂ ಆಗುತ್ತದೆ. 17 ಕಿ.ಮೀ.ಗೂ ಎತ್ತರದ ಬೋಸಾಲೆಯೂ ಸೇರಿ ಅಯೋದ ಹೆಚ್ಚಿನ ಬೆಟ್ಟಗಳು ಉಗುಳಿ ಆದವಲ್ಲ. ಮೇಲೆ ಲಾವಾ ಪದರ ಪೇರಿಸುತ್ತ ಹೋದಂತೆ ಕೆಳಗಿನ ನೆಲ ಕುಸಿಯುತ್ತದೆ. ಕುಸಿದಂತೆ ಇಕ್ಕಟ್ಟಾಗಿ, ಕೊನೆಗೆ ಒಂದು ಬಂಡೆ ಮೇಲಕ್ಕೆ ಒತ್ತಿಕೊಂಡು ಬರುತ್ತದೆ.

ಕ್ಯಾಲಿಸ್ಟೊ: ಯಾರೂ ಕೇಳದ ಚಂದ್ರ

ಕುಳಿ ಎಣಿಸಿ ಕೈ ಪಳಗಿಸಬೇಕೆಂದರೆ ಇಲ್ಲಿಗೆ ಬನ್ನಿ. ವಾಲ್‌ಹಾಲಾ ಎಂಬ ಹಳೆಯ ಪೆಟ್ಟಿನ ಗುರುತು ನಡುವೆ 600 ಕಿ.ಮೀ. ಅಗಲದ ಬಿಳಿ ಬಯಲು. ಸುತ್ತ ಕೊಳಕ್ಕೆ ಕಲ್ಲೆಸೆದಂತೆ ಉಂಗುರಗಳು, ಕೇಂದ್ರದಿಂದ 1,900 ಕಿ.ಮೀ. ದೂರದವರೆಗೆ. ಬಿಳಿ ಬಯಲಿನ ಕುಳಿ ದಟ್ಟಣೆಯನ್ನು ಉಂಗುರಗಳಾಚೆಯ ನೆಲದ ಜೊತೆ ಹೋಲಿಸಿದರೆ ಚೊಕ್ಕ ಪ್ರಾಜೆಕ್ಟ್. ಹಳೆಯ ನೆಲ ಭರ್ತಿಯಾಗಿರುವುದರಿಂದ, ಹೊಸ ಕುಳಿ ಬಿದ್ದಾಗಲೆಲ್ಲ ಹಳೆಯದೊಂದು ಅಳಿಯುತ್ತದೆ. ಅಲ್ಲಿ ಸಿಗುವ ವಯಸ್ಸು ಕನಿಷ್ಠ ವಯಸ್ಸು ಮಾತ್ರ. ಗಿಪುಲ್ ಕಟೇನಾದಂಥ ಕುಳಿಸಾಲುಗಳನ್ನು ಎಣಿಕೆಯಲ್ಲಿ ಒಂದೇ ಘಟನೆ ಎಂದು ಹಿಡಿಯಿರಿ. 1994ರ ಜುಲೈನಲ್ಲಿ ಗುರುವಿಗೆ ಬಡಿದ ಶೂಮೇಕರ್-ಲೆವಿ 9ರ ಹಾಗೆ ತುಂಡಾದ ಧೂಮಕೇತು ಸಾಲಾಗಿ ಬಿದ್ದ ಗುರುತು ಅವು. ಹತ್ತಿರದ ಚಿತ್ರಗಳಲ್ಲಿ ಸಣ್ಣ ಕುಳಿಗಳು ನಿರೀಕ್ಷೆಗಿಂತ ನಿಜವಾಗಿಯೂ ಕಡಿಮೆ: ಮಂಜು ಆವಿಯಾಗಿ ಅಂಚುಗಳು ಸವೆದು, ಕರಿ ಪುಡಿ ಜಾರಿ ಮುಚ್ಚಿಕೊಳ್ಳುತ್ತದೆ. ಉಳಿದ ಮಂಜು 80ರಿಂದ 100 ಮೀಟರ್ ಎತ್ತರದ ಮೊನೆಗಳಾಗಿ ಹುತ್ತದಂತೆ ನಿಂತಿದೆ.

ರೇಖಾಂಶ ಮತ್ತು ದೂರದರ್ಶಕ

ನಾಲ್ಕಕ್ಕೂ ಅನ್ವಯಿಸುವ ಒಂದು ಎಚ್ಚರಿಕೆ: ಹಳೆಯ ನಕ್ಷೆಗಳಲ್ಲಿ ರೇಖಾಂಶ ಪಶ್ಚಿಮಕ್ಕೆ ಏರುತ್ತದೆ, ತಂತ್ರಾಂಶಗಳಲ್ಲಿ ಪೂರ್ವಕ್ಕೆ. ಲೋಕಿ 309° ಪಶ್ಚಿಮ ಎಂದಿದ್ದರೆ ನೀವು ಟೈಪ್ ಮಾಡಬೇಕಾದ್ದು 51° ಪೂರ್ವ. ಪ್ವಿಲ್ 271° ಪಶ್ಚಿಮ, ಅಂದರೆ 89° ಪೂರ್ವ. ಕುಳಿಗಳು ಗುಮ್ಮಟದಂತೆ ಉಬ್ಬಿ ಕಂಡರೆ ಬೆಳಕು ಯಾವ ಕಡೆಯಿಂದ ಬರುತ್ತಿದೆ ನೋಡಿ. ಚಿತ್ರವನ್ನು ತಲೆಕೆಳಗು ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಸ್ವಂತ ದೂರದರ್ಶಕದಿಂದಲೇ ಏನಾದರೂ ಮಾಡಬೇಕೆನ್ನುವವರಿಗೂ ಗ್ಯಾನಿಮೀಡೇ ಆಯ್ಕೆ. ಗುರು ಹತ್ತಿರವಿದ್ದಾಗ ಗ್ಯಾನಿಮೀಡ್‌ನ ಬಿಲ್ಲೆ ಸುಮಾರು 1.7 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ), ಯುರೋಪಾ 1 ಮಾತ್ರ. 250 ಮಿ.ಮೀ. ದರ್ಪಣ 0.46 ಆರ್ಕ್‌ಸೆಕೆಂಡ್ ಬಿಡಿಸಿ ತೋರಿಸುತ್ತದೆ, ಅಂದರೆ ಗ್ಯಾನಿಮೀಡ್‌ನ ಅಡ್ಡಕ್ಕೆ ಮೂರುನಾಲ್ಕು ಚುಕ್ಕೆ. ಗಾಳಿ ಸ್ತಬ್ಧವಾಗಿರುವ ರಾತ್ರಿ ಸಾವಿರಾರು ಫ್ರೇಮ್ ವಿಡಿಯೊ ತೆಗೆದು, ಚೆನ್ನಾಗಿರುವ ಹತ್ತರಲ್ಲಿ ಒಂದನ್ನು ಮಾತ್ರ ಉಳಿಸಿ ಪೇರಿಸಿದರೆ ಗೆಲಿಲಿಯೊ ರೀಜಿಯೊದ ಕಡುಮಚ್ಚೆ ಬಿಲ್ಲೆಯ ಒಂದು ಮಗ್ಗುಲಿಗೆ ಬರುತ್ತದೆ. ಚಿತ್ರವನ್ನು ಅತಿಯಾಗಿ ಹರಿತ ಮಾಡಿದರೆ ಬಿಲ್ಲೆಯ ಅಂಚಿಗೆ ಸುಳ್ಳು ಉಂಗುರಗಳು ಹುಟ್ಟುತ್ತವೆ. ಅದೇ ರಾತ್ರಿ ಅಯೋವನ್ನೂ ತೆಗೆದು ಅದೇ ರೀತಿ ಸಂಸ್ಕರಿಸಿ, ಎರಡರಲ್ಲೂ ಒಂದೇ ಜಾಗದಲ್ಲಿ ಬಂದ ಗುರುತನ್ನು ಅಳಿಸಿಬಿಡಿ.